ಯೀಸ್ಟ್ ಎಲ್ಲಿ ನಿಲ್ಲುತ್ತೆ, ಯಾವಾಗ ಕೂಡುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಯೀಸ್ಟ್ ಇಟ್ಟುಕೊಂಡು ಕೆಲಸ ಮಾಡುವವಳು ಎಂದು ಗೊತ್ತಾದ ತಕ್ಷಣ ನಮ್ಮ ಕನ್ನಡ ಬಳಗದವರು ಕೇಳುವ ಪ್ರಶ್ನೆಗಳು ಇವು. ಕೆಲವು ಊಟದ ಪಂಕ್ತಿಯಲ್ಲಿ ಬಂದವು. ಕೆಲವನ್ನು ಮಾಟುಂಗಾ, ಡೊಂಬಿವಲಿ, ಪಿಂಪ್ರಿ ಕಡೆಯ ಬಿಎಸ್ಸಿ, ಎಂಎಸ್ಸಿ ಮಕ್ಕಳು ಬರೆದು ಕಳಿಸಿದರು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಮೇಲಿನವು ಸುಲಭ, ಕೆಳಗೆ ಹೋದಂತೆ ಸ್ವಲ್ಪ ಗಟ್ಟಿ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಶುರುವಿನಲ್ಲಿ ಕೇಳುವವು

ಬೇಕರಿ ಯೀಸ್ಟೂ ನೀವು ಲ್ಯಾಬಲ್ಲಿ ಇಟ್ಕೊಂಡಿರೋ ಯೀಸ್ಟೂ ಒಂದೇನಾ?

ಜಾತಿ ಒಂದೇ, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಇರಾನಿ ಬೇಕರಿಯ ಪಾವ್ ಉಬ್ಬಿಸುವುದೂ ಅದೇ, ಬಿಯರ್ ಮಾಡುವುದೂ ಅದೇ. ತಳಿ ಮಾತ್ರ ಬೇರೆ. ಬೇಕರಿ ತಳಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಕ್ರೋಮೋಸೋಮಿನ ಎರಡು ಅಥವಾ ಇನ್ನೂ ಹೆಚ್ಚು ಪ್ರತಿಗಳಿರುತ್ತವೆ. ಲ್ಯಾಬಿನಲ್ಲಿ ನಾವು ಹೆಚ್ಚಾಗಿ ಒಂದೇ ಪ್ರತಿ ಇರುವ ಹ್ಯಾಪ್ಲಾಯ್ಡ್ ತಳಿ ಸಾಕುತ್ತೇವೆ. ಅದರಲ್ಲಿ ಒಂದು ಜೀನ್ ಕೆಟ್ಟರೆ ಆ ಕೆಲಸ ನೋಡಿಕೊಳ್ಳಲು ಇನ್ನೊಂದು ಪ್ರತಿ ಇರುವುದಿಲ್ಲ. ಕೆಟ್ಟಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಹ್ಯಾಪ್ಲಾಯ್ಡ್ ಯೀಸ್ಟಿನಲ್ಲಿ 16 ಕ್ರೋಮೋಸೋಮ್, ಸುಮಾರು 1.2 ಕೋಟಿ ಡಿಎನ್‌ಎ ಅಕ್ಷರ, ಸುಮಾರು 6000 ಜೀನ್ ಇವೆ. 1996ರಲ್ಲಿ ಇದರ ಜೀನೋಮ್ ಪೂರ್ತಿ ಓದಿ ಮುಗಿಸಿದರು. ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಅದೇ ಮೊದಲನೆಯದು.

ಇಡ್ಲಿ ಹಿಟ್ಟು ಉಬ್ಬೋದೂ ಇದರಿಂದಾನಾ? ಗೋವಾದಲ್ಲಿ ಸೂರ ಹಾಕಿ ಬ್ರೆಡ್ ಮಾಡ್ತಿದ್ರಲ್ಲ, ಅದು?

ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾದ್ದು. ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹುಳಿಯನ್ನೂ ಗಾಳಿಯನ್ನೂ ಕೊಡುತ್ತದೆ. ಯೀಸ್ಟ್ ಇದ್ದರೂ ಅದರದ್ದು ಚಿಲ್ಲರೆ ಪಾತ್ರ. ಗೋವಾದ ಪೊದೇರ್‌ಗಳು, ಅಂದರೆ ಬ್ರೆಡ್ ಮಾಡುವವರು, ಹಿಂದೆ ಹಿಟ್ಟಿಗೆ ಹಾಕುತ್ತಿದ್ದ ಸೂರ, ಅಂದರೆ ತೆಂಗಿನ ಕಳ್ಳು, ಬೇರೆ ಲೆಕ್ಕ. ಅದರಲ್ಲಿ ಕಾಡು ಯೀಸ್ಟುಗಳು ಧಾರಾಳವಾಗಿ ಇರುತ್ತವೆ, ಸೆರೆವಿಸಿಯೆಯೂ ಸೇರಿದ ಹಾಗೆ.

ಯೀಸ್ಟ್ ಒಡೆಯೋದು ಅಂದ್ರೆ ಮಧ್ಯಕ್ಕೆ ಸರಿಯಾಗಿ ಎರಡು ಹೋಳಾಗೋದಾ?

ಅಲ್ಲ. ಈ ಯೀಸ್ಟ್ ಮೊಗ್ಗು ಬಿಡುತ್ತದೆ. ತಾಯಿ ಕೋಶ ಸುಮಾರು 5 ಮೈಕ್ರಾನ್ ಅಗಲ. ಅದರ ಮೈ ಮೇಲೆ ಒಂದು ಸಣ್ಣ ಉಬ್ಬು ಏಳುತ್ತದೆ, ದೊಡ್ಡದಾಗುತ್ತದೆ, ಡಿಎನ್‌ಎಯ ಒಂದು ನಕಲು ಅದರೊಳಗೆ ಹೋಗುತ್ತದೆ, ಆಮೇಲೆ ಬೇರೆಯಾಗುತ್ತದೆ. ಒಳ್ಳೆಯ ಆಹಾರ, 30 ಡಿಗ್ರಿ ಶಾಖ ಇದ್ದರೆ ಒಂದು ಸುತ್ತಿಗೆ ಸುಮಾರು 90 ನಿಮಿಷ ಸಾಕು.

ಮೊಗ್ಗಿನ ಗಾತ್ರ ನೋಡಿದರೆ ಕೋಶ ಎಲ್ಲಿಗೆ ಬಂದಿದೆ ಎಂದು ಹೇಳಬಹುದು. ಮೊಗ್ಗೇ ಇಲ್ಲ ಎಂದರೆ ಇನ್ನೂ ಶುರುವಾಗಿಲ್ಲ, ಅದು ಜಿ1 ಹಂತ. ಸಣ್ಣ ಮೊಗ್ಗು ಎಂದರೆ ಡಿಎನ್‌ಎ ನಕಲಾಗುತ್ತಿದೆ. ದೊಡ್ಡ ಮೊಗ್ಗು ಎಂದರೆ ನ್ಯೂಕ್ಲಿಯಸ್ ಎರಡಾಗುವ ಹೊತ್ತು. ಬಣ್ಣ ಹಾಕಬೇಕಿಲ್ಲ, ಮೈಕ್ರೋಸ್ಕೋಪ್ ಅಡಿ ಸುಮ್ನೆ ನೋಡಿದರೆ ಸಾಕು. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗಿನ ಉತ್ತರಗಳಲ್ಲಿ ಅರ್ಧ ಇದರ ಮೇಲೇ ನಿಂತಿವೆ.

ಯೀಸ್ಟಲ್ಲೂ ಗಂಡು ಹೆಣ್ಣು ಇದೆಯಾ?

ಎರಡು ಬಗೆ ಇವೆ, ಎ ಮತ್ತು ಆಲ್ಫಾ. ಗಂಡು, ಹೆಣ್ಣು ಎನ್ನುವುದು ಸರಿ ಹೊಂದುವುದಿಲ್ಲ. ಎರಡೂ ಒಂದೇ ಗಾತ್ರ, ನೋಡಲು ಒಂದೇ ಥರ. ಎ ಕೋಶ ಆಲ್ಫಾ ಜೊತೆ ಮಾತ್ರ ಕೂಡುತ್ತದೆ, ಆಲ್ಫಾ ಎ ಜೊತೆ ಮಾತ್ರ. ಕೂಡಿದರೆ ಎರಡು ಪ್ರತಿ ಕ್ರೋಮೋಸೋಮ್ ಇರುವ ಡಿಪ್ಲಾಯ್ಡ್ ಕೋಶ ಹುಟ್ಟುತ್ತದೆ. ಅದು ಮತ್ತೆ ಯಾರ ಜೊತೆಗೂ ಕೂಡುವುದಿಲ್ಲ, ಆದರೆ ಮಾಮೂಲಿಯಾಗಿ ಮೊಗ್ಗು ಬಿಡುತ್ತಾ ಬೆಳೆಯುತ್ತದೆ. ಸಾರಜನಕ ಸಿಗದೆ ಉಪವಾಸ ಬಿದ್ದರೆ ಒಂದು ಚೀಲದಲ್ಲಿ ನಾಲ್ಕು ಬೀಜಕಗಳನ್ನು ಮಾಡುತ್ತದೆ, ಎರಡು ಎ, ಎರಡು ಆಲ್ಫಾ.

ಯಾವ ಬಗೆ ಎಂದು ನಿರ್ಧರಿಸುವುದು ಮೂರನೇ ಕ್ರೋಮೋಸೋಮಿನಲ್ಲಿರುವ ಮ್ಯಾಟ್ ಎಂಬ ಒಂದು ಜಾಗ.

ಅಕ್ಕಾ, ಮ್ಯುಟೇಶನ್ ಅಂದ್ರೆ ಕೆಟ್ಟದ್ದು ಅಲ್ವಾ? ಬೇಕಂತಲೇ ಯಾಕೆ ಮಾಡ್ತೀರಿ?

ಚೆನ್ನಾಗಿ ನಡೆಯುತ್ತಿರುವ ಕೋಶವನ್ನು ಎಷ್ಟು ಹೊತ್ತು ನೋಡಿದರೂ ಯಾವ ಜೀನ್ ಏನು ಮಾಡುತ್ತಿದೆ ಎಂದು ತಿಳಿಯುವುದಿಲ್ಲ. ಒಂದು ಜೀನ್ ಕೆಡಿಸಿದಾಗ ಕೋಶ ಒಂದು ಜಾಗದಲ್ಲಿ ನಿಲ್ಲುತ್ತದೆ. ಎಲ್ಲಿ ನಿಂತಿತು ಎನ್ನುವುದೇ ನಮಗೆ ಸಿಗುವ ಉತ್ತರ.

ಮ್ಯುಟೇಶನ್ ತಾನಾಗಿಯೂ ಆಗುತ್ತದೆ, ಕೆಲವು ನೂರು ವಿಭಜನೆಗಳಿಗೆ ಒಂದು ಅಕ್ಷರ ತಪ್ಪುವ ಲೆಕ್ಕ. ಅಷ್ಟು ಕಾಯುವ ಬದಲು ಅತಿನೇರಳೆ ಬೆಳಕು ಅಥವಾ ರಾಸಾಯನಿಕ ಬಳಸಿ ವೇಗ ಹೆಚ್ಚಿಸುತ್ತೇವೆ. ಈಗಂತೂ ಬೇಕಾದ ಜೀನನ್ನೇ ಗುರಿ ಇಟ್ಟು ತೆಗೆಯಬಹುದು. ಸುಮಾರು 6000 ಜೀನುಗಳನ್ನು ಒಂದೊಂದಾಗಿ ತೆಗೆದು ನೋಡಿದ್ದಾರೆ. ಒಳ್ಳೆಯ ಆಹಾರದಲ್ಲಿ ಇರಲೇಬೇಕಾದವು ಸುಮಾರು ಸಾವಿರ ಮಾತ್ರ.

ವಿಭಜನೆಯ ಬಗ್ಗೆ

ವಿಭಜನೆಗೆ ಬೇಕಾದ ಜೀನೇ ಕೆಟ್ಟರೆ ಕೋಶ ಸತ್ತುಹೋಗುತ್ತೆ. ಸತ್ತಿದ್ದನ್ನ ಹೇಗೆ ಸಾಕ್ತೀರಿ?

ಒಳ್ಳೆಯ ಪ್ರಶ್ನೆ. ಉತ್ತರ ಶಾಖದಲ್ಲಿದೆ. ಕೆಲವು ಮ್ಯುಟೇಶನ್‌ಗಳಲ್ಲಿ ಪ್ರೋಟೀನಿನ ಒಂದೇ ಅಮೈನೋ ಆಮ್ಲ ಬದಲಾಗಿರುತ್ತದೆ. ಅದು 23 ಡಿಗ್ರಿಯಲ್ಲಿ ಹೇಗೋ ಕೆಲಸ ಮಾಡುತ್ತದೆ, 36-37 ಡಿಗ್ರಿಗೆ ಹೋದರೆ ಆಕಾರ ಕಳೆದುಕೊಳ್ಳುತ್ತದೆ. ತಂಪಿನಲ್ಲಿ ಸಾಕಿ, ಬಿಸಿಯಲ್ಲಿ ನೋಡುವುದು. ಪುಣೆಯ ಮೇ ತಿಂಗಳಲ್ಲಿ ಎಸಿ ಕೈಕೊಟ್ಟರೆ ಈ ತಳಿಗಳನ್ನು ಸಾಕುವವರ ಮುಖ ನೋಡಬೇಕು.

ಹುಡುಕುವ ವಿಧಾನ ಈಗಲೂ ಬಟ್ಟೆಯದ್ದೇ. ದುಂಡನೆಯ ಒಂದು ದಿಮ್ಮಿಯ ಮೇಲೆ ತೊಳೆದು ಸ್ಟೆರಿಲೈಸ್ ಮಾಡಿದ ಮಖಮಲ್ ಬಟ್ಟೆಯನ್ನು ಬಿಗಿಯಾಗಿ ಕೂರಿಸುತ್ತೇವೆ. ನೂರಾರು ಕಾಲೊನಿ (ಒಂದೊಂದು ಕೋಶದಿಂದ ಬೆಳೆದ ಗುಂಪು) ಇರುವ ಪ್ಲೇಟನ್ನು ಬೋರಲು ಹಾಕಿ ಮೆಲ್ಲಗೆ ಒತ್ತುತ್ತೇವೆ. ಬಟ್ಟೆಯ ನವಿರು ಎಳೆಗಳು ಪ್ರತಿ ಕಾಲೊನಿಯಿಂದ ಸ್ವಲ್ಪ ಸ್ವಲ್ಪ ಕೋಶ ಎತ್ತಿಕೊಳ್ಳುತ್ತವೆ. ಅದೇ ಬಟ್ಟೆಯ ಮೇಲೆ ಎರಡು ಹೊಸ ಪ್ಲೇಟ್ ಒತ್ತಿ, ಒಂದನ್ನು ತಂಪಿನಲ್ಲಿ, ಒಂದನ್ನು ಬಿಸಿಯಲ್ಲಿ ಇಡುತ್ತೇವೆ. ಎರಡು ದಿನ ಬಿಟ್ಟು ಅಕ್ಕಪಕ್ಕ ಇಟ್ಟು ನೋಡಿದರೆ, ತಂಪಿನಲ್ಲಿ ಇದ್ದು ಬಿಸಿಯಲ್ಲಿ ಖಾಲಿ ಇರುವ ಚುಕ್ಕೆಗಳು ಸಿಗುತ್ತವೆ. ಜೋರಾಗಿ ಒತ್ತಿದರೆ ಎಲ್ಲಾ ಕಲಸಿಹೋಗುತ್ತದೆ, ತೀರಾ ಮೆಲ್ಲಗೆ ಒತ್ತಿದರೆ ಅರ್ಧ ಬರುವುದಿಲ್ಲ. ಕೈಗೆ ಹತ್ತಲು ಸ್ವಲ್ಪ ಕಾಲ ಬೇಕು.

ಹಾರ್ಟ್‌ವೆಲ್‌ಗೆ ನೊಬೆಲ್ ಬಂದಿದ್ದು ಯಾತಕ್ಕೆ? ಸಾವಿರ ಮ್ಯುಟೆಂಟ್ ಮಾಡಿದ್ದಕ್ಕಾ?

ಮ್ಯುಟೆಂಟ್, ಅಂದರೆ ಜೀನ್ ಕೆಟ್ಟ ತಳಿ, ಮಾಡುವುದು ಸುಲಭ. ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಕಂಡುಕೊಂಡಿದ್ದು ಲೀಲ್ಯಾಂಡ್ ಹಾರ್ಟ್‌ವೆಲ್ ಅವರ ದೊಡ್ಡತನ. ಬಿಸಿಯಲ್ಲಿ ಬೆಳೆಯದ ಮ್ಯುಟೆಂಟ್ ಎಷ್ಟೋ ಇರುತ್ತವೆ. ಬಹುಪಾಲು ಎಲ್ಲೆಂದರಲ್ಲಿ ನಿಂತು ಸಾಯುತ್ತವೆ, ಮೊಗ್ಗಿಲ್ಲದವು, ಸಣ್ಣ ಮೊಗ್ಗಿನವು, ದೊಡ್ಡ ಮೊಗ್ಗಿನವು ಎಲ್ಲಾ ಬೆರೆತು. ಅಮೆರಿಕದ ಸಿಯಾಟಲ್‌ನಲ್ಲಿ, 1970ರ ಸುಮಾರಿಗೆ, ಅವರ ಗುಂಪು ಹುಡುಕಿದ್ದು ಎಲ್ಲಾ ಕೋಶಗಳೂ ಒಂದೇ ಆಕಾರದಲ್ಲಿ ನಿಲ್ಲುವ ಮ್ಯುಟೆಂಟ್‌ಗಳನ್ನು. ಎಲ್ಲವೂ ಒಂದೇ ಕಡೆ ನಿಂತರೆ, ಕೆಟ್ಟ ಜೀನಿನ ಕೆಲಸ ವಿಭಜನೆಯ ಆ ಹಂತಕ್ಕೇ ಸೇರಿದ್ದು ಎಂದು ಅರ್ಥ. ಆ ಜೀನುಗಳೇ ಸಿಡಿಸಿ (ಸೆಲ್ ಡಿವಿಜನ್ ಸೈಕಲ್) ಜೀನುಗಳು.

ಸಿಡಿಸಿ28 ಕೆಟ್ಟರೆ ಕೋಶಗಳು ಮೊಗ್ಗೇ ಬಿಡದೆ ನಿಲ್ಲುತ್ತವೆ. ಸಿಡಿಸಿ24 ಕೆಟ್ಟರೂ ಮೊಗ್ಗಿಲ್ಲ, ಆದರೆ ಒಳಗೆ ನ್ಯೂಕ್ಲಿಯಸ್ ಮಾತ್ರ ಒಡೆಯುತ್ತಲೇ ಇರುತ್ತದೆ, ಕೋಶ ಉಬ್ಬಿ ದಪ್ಪ ಆಗುತ್ತದೆ. ಸಿಡಿಸಿ4 ಕೆಟ್ಟರೆ ಉಲ್ಟಾ: ಡಿಎನ್‌ಎ ನಕಲಾಗುವುದೇ ಇಲ್ಲ, ಮೊಗ್ಗು ಮಾತ್ರ ಒಂದರ ಮೇಲೊಂದು ಬರುತ್ತವೆ. ನನಗೆ ಇವುಗಳಲ್ಲಿ ಇಷ್ಟ ಈ ಕೊನೆಯ ಎರಡು. ಮೊಗ್ಗು ಬಿಡುವುದು, ಡಿಎನ್‌ಎ ನಕಲು ಮಾಡುವುದು ಎರಡೂ ಒಂದೇ ಸರಪಣಿಯಲ್ಲ, ಅಕ್ಕಪಕ್ಕ ಸಾಗುವ ಎರಡು ದಾರಿಗಳು ಎಂದು ಯಾವ ಯಂತ್ರವೂ ಇಲ್ಲದೆ ತೋರಿಸಿಕೊಟ್ಟವು.

2001ರಲ್ಲಿ ಹಾರ್ಟ್‌ವೆಲ್, ಪಾಲ್ ನರ್ಸ್, ಟಿಮ್ ಹಂಟ್ ಮೂವರಿಗೂ ನೊಬೆಲ್ ಬಂತು.

ಬುಕ್ಕಲ್ಲಿ "ಸ್ಟಾರ್ಟ್" ಅಂತ ಒಂದು ಪಾಯಿಂಟ್ ಹೇಳ್ತಾರೆ. ನಿಜವಾಗ್ಲೂ ಅಂಥದ್ದೊಂದು ಜಾಗ ಇದೆಯಾ?

ಜಾಗ ಅಲ್ಲ, ನಿರ್ಧಾರ. ದಾದರ್‌ನಲ್ಲಿ ಫಾಸ್ಟ್ ಲೋಕಲ್ ಹತ್ತುವವರೆಗೆ ಮನಸ್ಸು ಬದಲಿಸಬಹುದು, ಗಾಡಿ ಬಿಟ್ಟ ಮೇಲೆ ಕುರ್ಲಾ ತನಕ ಇಳಿಯುವ ಹಾಗಿಲ್ಲ. ಜಿ1 ಹಂತದ ಕೊನೆಯಲ್ಲಿ ಕೋಶಕ್ಕೂ ಹಾಗೆಯೇ. ಅಲ್ಲಿಯ ತನಕ ಅದು ಮೂರು ವಿಷಯ ನೋಡುತ್ತದೆ: ನಾನು ಸಾಕಷ್ಟು ದೊಡ್ಡವನಾಗಿದ್ದೇನಾ, ಆಹಾರ ಇದೆಯಾ, ಕೂಡಲು ಜೊತೆಗಾರ ಹತ್ತಿರ ಇದ್ದಾನಾ. ಸ್ಟಾರ್ಟ್ ದಾಟಿದ ಮೇಲೆ ಆಹಾರ ತೆಗೆದರೂ, ಜೊತೆಗಾರ ಬಂದರೂ, ಆ ಸುತ್ತು ಮುಗಿಸಿಯೇ ತೀರುತ್ತದೆ.

ಆ ಬಾಗಿಲು ತೆರೆಯುವುದು ಸಿಡಿಸಿ28 ಜೀನಿನ ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಅದು ಒಂಟಿಯಾಗಿ ಏನೂ ಮಾಡುವುದಿಲ್ಲ, ಸೈಕ್ಲಿನ್ ಎಂಬ ಪ್ರೋಟೀನ್ ಜೊತೆ ಸೇರಬೇಕು. 1977ರಲ್ಲಿ ರೀಡ್ ಮತ್ತು ಹಾರ್ಟ್‌ವೆಲ್ ಒಂದು ಅಚ್ಚುಕಟ್ಟಾದ ಪ್ರಯೋಗದ ಫಲ ಪ್ರಕಟಿಸಿದರು. ಬೇರೆ ಬೇರೆ ಸಿಡಿಸಿ ಮ್ಯುಟೆಂಟ್‌ಗಳನ್ನು ಅವು ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಈಗ ಕೂಡುತ್ತೀರಾ ಎಂದು ನೋಡಿದರು. ಸಿಡಿಸಿ28ರಲ್ಲಿ ನಿಂತವು ಕೂಡಿದವು. ಮುಂದಿನ ಹಂತಗಳಲ್ಲಿ ನಿಂತವು ಕೂಡಲಿಲ್ಲ. ಒಡೆಯುವುದೋ ಕೂಡುವುದೋ ಎಂಬ ಆಯ್ಕೆ ಇರುವುದು ಈ ಒಂದೇ ಬಾಗಿಲಲ್ಲಿ.

ಒಂದು ಜೀನ್ ತೆಗೆದ್ರೂ ಏನೂ ಆಗಲ್ಲ ಅಂದ್ರೆ ಆ ಜೀನ್ ವೇಸ್ಟ್ ಅಂತಾನಾ?

ಹಾಗಲ್ಲ. ಸ್ಟಾರ್ಟ್ ದಾಟಿಸುವ ಸೈಕ್ಲಿನ್‌ಗಳು ಮೂರು: ಸಿಎಲ್‌ಎನ್1, 2, 3. ಯಾವುದಾದರೂ ಒಂದನ್ನು ತೆಗೆಯಿರಿ, ಕೋಶ ಬದುಕುತ್ತದೆ. ಎರಡು ತೆಗೆದರೂ ಬದುಕುತ್ತದೆ. ಮೂರನ್ನೂ ತೆಗೆದರೆ ಜಿ1ನಲ್ಲೇ ನಿಂತುಬಿಡುತ್ತದೆ. ಒಂದೊಂದೇ ತೆಗೆದು ನೋಡಿದವರಿಗೆ ಇವು ಮುಖ್ಯ ಎಂದೇ ಗೊತ್ತಾಗುವುದಿಲ್ಲ. "ಏನೂ ಆಗಲಿಲ್ಲ" ಎನ್ನುವ ಮೊದಲು ಕೋಶದ ಗಾತ್ರವನ್ನಾದರೂ ಅಳೆಯಿರಿ. ಸಿಎಲ್‌ಎನ್3 ಇಲ್ಲದ ಕೋಶ ಬದುಕಿರುತ್ತದೆ, ಆದರೆ ಮಾಮೂಲಿಗಿಂತ ದಪ್ಪ.

ಮ್ಯುಟೇಶನ್ ಆದ್ರೆ ಬರೀ ನಿಲ್ಲೋದೇನಾ? ಬೇಗ ಬೇಗ ಒಡೆಯೋದೂ ಇದೆಯಾ?

ಇದೆ, ಅವೇ ಹೆಚ್ಚು ಮಾತಾಡುತ್ತವೆ. ಒಂದು ಕೆಲಸ ನಿಂತುಹೋಗಲು ನೂರು ಕಾರಣ ಇರಬಹುದು. ಬೇಗ ಆಗಬೇಕಾದರೆ ತಡೆಯುತ್ತಿದ್ದ ಕೈಯನ್ನೇ ಮುಟ್ಟಿರಬೇಕು. ಸಿಎಲ್‌ಎನ್3 ಪ್ರೋಟೀನ್ ಬೇಗ ಕರಗದ ಹಾಗೆ ಮಾಡುವ ಮ್ಯುಟೇಶನ್ ಇದೆ. ಅಂಥ ಕೋಶ ಚಿಕ್ಕದಿರುವಾಗಲೇ ಸ್ಟಾರ್ಟ್ ದಾಟುತ್ತದೆ. ತಡೆ ಹಾಕುವ ವಿ5 ಜೀನ್ ತೆಗೆದರೂ ಕೋಶ ಚಿಕ್ಕದು.

ಪಾಲ್ ನರ್ಸ್ ಬಳಸಿದ್ದು ಬೇರೆ ಯೀಸ್ಟ್, ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆ. ಅದು ಕೋಲಿನಾಕಾರ, ಮಧ್ಯಕ್ಕೇ ಒಡೆಯುತ್ತದೆ. ಎಡಿನ್‌ಬರಾದಲ್ಲಿ 1970ರ ದಶಕದಲ್ಲಿ ಅವರಿಗೆ ಸಿಕ್ಕ ವೀ1 ಮ್ಯುಟೆಂಟ್ ಮಾಮೂಲಿ ಉದ್ದದ ಸುಮಾರು ಅರ್ಧಕ್ಕೇ ಒಡೆಯುತ್ತಿತ್ತು. 1987ರಲ್ಲಿ ಅವರೂ ಮೆಲನಿ ಲೀ ಅವರೂ ಸೇರಿ, ಪಾಂಬೆಯ ಕೆಟ್ಟ ಸಿಡಿಸಿ2 ಜೀನಿನ ಕೆಲಸವನ್ನು ಮನುಷ್ಯನ ಜೀನ್ ಮಾಡಬಲ್ಲದು ಎಂದು ತೋರಿಸಿದರು. ಸೆರೆವಿಸಿಯೆಯಲ್ಲಿ ಅದರ ಜೋಡಿಯೇ ಸಿಡಿಸಿ28.

ಚೆಕ್‌ಪಾಯಿಂಟ್ ಮ್ಯುಟೆಂಟ್ ಅಂದ್ರೆ ಸಿಡಿಸಿ ಮ್ಯುಟೆಂಟೇ ಅಲ್ವಾ?

ಅಲ್ಲ, ಪರೀಕ್ಷೆಯಲ್ಲಿ ತುಂಬ ಮಕ್ಕಳು ಇಲ್ಲೇ ಎಡವುತ್ತಾರೆ. ಚೆಕ್‌ಪಾಯಿಂಟ್ ಅಂದರೆ ಏನಾದರೂ ಕೆಟ್ಟಿದ್ದರೆ ಸರಿಪಡಿಸುವ ತನಕ ಕೋಶ ತನ್ನನ್ನು ತಾನೇ ತಡೆದುಕೊಳ್ಳುವ ಜಾಗ. ಸಿಡಿಸಿ ಮ್ಯುಟೆಂಟ್ ನಿಲ್ಲಬಾರದ ಕಡೆ ನಿಲ್ಲುತ್ತದೆ. ಚೆಕ್‌ಪಾಯಿಂಟ್ ಮ್ಯುಟೆಂಟ್ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಎಕ್ಸ್-ರೇಯಿಂದ ಡಿಎನ್‌ಎ ತುಂಡಾದರೆ ಆರೋಗ್ಯವಂತ ಯೀಸ್ಟ್ ದೊಡ್ಡ ಮೊಗ್ಗಿನ ಹಂತದಲ್ಲಿ ನಿಂತು, ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ. ರಾಡ್9 ಕೆಟ್ಟ ಯೀಸ್ಟ್ ನಿಲ್ಲದೆ ಹೋಗಿ ಸಾಯುತ್ತದೆ. 1988ರಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಅದೇ ಮ್ಯುಟೆಂಟನ್ನು ಔಷಧಿ ಹಾಕಿ ಸ್ವಲ್ಪ ಹೊತ್ತು ತಡೆದು ಹಿಡಿದರು. ಹೆಚ್ಚು ಕೋಶಗಳು ಬದುಕಿಕೊಂಡವು. ರಿಪೇರಿ ಮಾಡುವ ಶಕ್ತಿ ಇತ್ತು, ಕಾಯುವ ಬುದ್ಧಿ ಇರಲಿಲ್ಲ.

ಕೂಡುವ ಸಂಕೇತದ ಬಗ್ಗೆ

ಕಣ್ಣಿಲ್ಲ, ಕಿವಿ ಇಲ್ಲ. ಪಕ್ಕದಲ್ಲಿ ಜೋಡಿ ಇದೆ ಅಂತ ಯೀಸ್ಟಿಗೆ ಹೇಗೆ ಗೊತ್ತಾಗುತ್ತೆ?

ರಾಸಾಯನಿಕದಿಂದ. ಆಲ್ಫಾ ಕೋಶ 13 ಅಮೈನೋ ಆಮ್ಲಗಳ ಒಂದು ಚಿಕ್ಕ ಪೆಪ್ಟೈಡ್ ಹೊರಗೆ ಬಿಡುತ್ತದೆ, ಅದು ಆಲ್ಫಾ ಫ್ಯಾಕ್ಟರ್. ಎ ಕೋಶ 12 ಅಮೈನೋ ಆಮ್ಲಗಳದ್ದು ಬಿಡುತ್ತದೆ, ಅದಕ್ಕೊಂದು ಕೊಬ್ಬಿನ ಬಾಲ ಅಂಟಿರುತ್ತದೆ. ಆಲ್ಫಾ ಫ್ಯಾಕ್ಟರನ್ನು ಹಿಡಿಯುವ ರಿಸೆಪ್ಟರ್ ಸ್ಟೆ2, ಇರುವುದು ಎ ಕೋಶದ ಮೇಲೆ. ಎ ಫ್ಯಾಕ್ಟರ್ ಹಿಡಿಯುವುದು ಸ್ಟೆ3, ಇರುವುದು ಆಲ್ಫಾ ಮೇಲೆ.

ಎ ಕೋಶಗಳ ಕಲ್ಚರ್‌ಗೆ ಆಲ್ಫಾ ಫ್ಯಾಕ್ಟರ್ ಹಾಕಿ, ಎರಡು ಗಂಟೆ ಬಿಟ್ಟು ಒಂದು ಹನಿ ಸ್ಲೈಡಿಗೆ ಹಾಕಿ ನೋಡಿ. ಮೊದಲು ಅಲ್ಲಲ್ಲಿ ಮೊಗ್ಗುಗಳಿದ್ದವು, ಈಗ ಹೆಚ್ಚುಕಡಿಮೆ ಒಂದೂ ಇಲ್ಲ. ದುಂಡಗಿದ್ದ ಕೋಶಗಳು ಒಂದು ಬದಿಗೆ ಚಾಚಿಕೊಂಡಿವೆ, ಚಾಚಿದ ತುದಿ ಸಣ್ಣಗಾಗಿದೆ. ಈ ಆಕಾರಕ್ಕೆ ಶ್ಮೂ ಎನ್ನುತ್ತಾರೆ, ಒಂದು ಹಳೆಯ ಅಮೆರಿಕನ್ ಕಾರ್ಟೂನ್ ಪ್ರಾಣಿಯ ಹೆಸರು. ನಿಜವಾದ ಜೊತೆಗಾರ ಹತ್ತಿರವಿದ್ದರೆ ಆ ತುದಿ ಅವನ ಕಡೆಗೇ ಬೆಳೆಯುತ್ತದೆ. ನಾವು ಎಲ್ಲಾ ಕಡೆ ಸಮನಾಗಿ ಸುರಿದಿರುವುದರಿಂದ ಪಾಪ, ಒಂದೊಂದು ಒಂದೊಂದು ಕಡೆ ಚಾಚಿರುತ್ತದೆ.

ರಿಸೆಪ್ಟರ್‌ನಿಂದ ನ್ಯೂಕ್ಲಿಯಸ್ ತನಕ ಸಂಕೇತದ ದಾರಿ ಒಂದ್ಸಲ ಪೂರ್ತಿ ಹೇಳ್ತೀರಾ?

ರಿಸೆಪ್ಟರ್ ಒಳಗಡೆ ಜಿ ಪ್ರೋಟೀನ್ ಇದೆ, ಮೂರು ತುಂಡಿನದು: ಜಿಪಿಎ1, ಸ್ಟೆ4, ಸ್ಟೆ18. ಫ್ಯಾಕ್ಟರ್ ಬಂದು ಕೂತಾಗ ಜಿಪಿಎ1 ಕೈಬಿಡುತ್ತದೆ, ಸ್ಟೆ4 ಮತ್ತು ಸ್ಟೆ18ರ ಜೋಡಿ ಬಿಡುಗಡೆಯಾಗುತ್ತದೆ. ಈ ಜೋಡಿ ಸ್ಟೆ5 ಎಂಬ ಪ್ರೋಟೀನನ್ನು ಪೊರೆಯ ಹತ್ತಿರ ಕರೆಸಿಕೊಳ್ಳುತ್ತದೆ. ಸ್ಟೆ5ರ ಮೈ ಮೇಲೆ ಮೂರು ಕೈನೇಸ್‌ಗಳು ಕೂತಿರುತ್ತವೆ: ಸ್ಟೆ11, ಸ್ಟೆ7, ಫಸ್3. ಪೊರೆಯಲ್ಲಿರುವ ಸ್ಟೆ20 ಮೊದಲನೆಯದನ್ನು ಎಬ್ಬಿಸುತ್ತದೆ. ಸ್ಟೆ11 ಸ್ಟೆ7ಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಸ್ಟೆ7 ಫಸ್3ಕ್ಕೆ. ಫಸ್3 ಎರಡು ಕಡೆ ಕೆಲಸ ಮಾಡುತ್ತದೆ. ಸ್ಟೆ12 ಮೂಲಕ ಕೂಡಲು ಬೇಕಾದ ಜೀನುಗಳನ್ನು ಆನ್ ಮಾಡುತ್ತದೆ, ಫಾರ್1 ಮೂಲಕ ವಿಭಜನೆಯನ್ನು ನಿಲ್ಲಿಸುತ್ತದೆ.

ಸ್ಟೆ ಮ್ಯುಟೆಂಟ್‌ಗಳೆಲ್ಲಾ ಕೂಡಲ್ಲ ಅಂದ್ಮೇಲೆ ಅವುಗಳಲ್ಲಿ ವ್ಯತ್ಯಾಸ ಏನು?

ಯಾವ ಬಗೆಯಲ್ಲಿ ಕೂಡುವುದಿಲ್ಲ ಎಂದು ಮೊದಲು ನೋಡಿ. ಸ್ಟೆ2 ಕೆಟ್ಟರೆ ಎ ಕೋಶಕ್ಕೆ ಮಾತ್ರ ತೊಂದರೆ. ಅದೇ ಕೆಟ್ಟ ಜೀನ್ ಇರುವ ಆಲ್ಫಾ ಕೋಶ ಆರಾಮವಾಗಿ ಕೂಡುತ್ತದೆ, ಅದಕ್ಕೆ ಆ ರಿಸೆಪ್ಟರ್ ಬೇಕೇ ಇಲ್ಲ. ಸ್ಟೆ3 ಇದರ ತಿರುವುಮುರುವು. ಸ್ಟೆ4, 5, 7, 11, 12 ಕೆಟ್ಟರೆ ಎರಡೂ ಬಗೆಗಳು ಕೂಡುವುದಿಲ್ಲ, ಏಕೆಂದರೆ ಒಳಗಿನ ದಾರಿ ಇಬ್ಬರಿಗೂ ಒಂದೇ.

ಸಂಕೇತ ಸರಿಯಾಗಿ ಕೇಳಿಸಿಕೊಂಡು ಕೊನೆಯಲ್ಲಿ ಎಡವುವ ಮ್ಯುಟೆಂಟ್‌ಗಳೂ ಇವೆ. ಫಸ್1, ಫಸ್2 ಕೆಟ್ಟರೆ ಎರಡು ಕೋಶಗಳು ಅಂಟಿಕೊಂಡು ನಿಲ್ಲುತ್ತವೆ, ಮಧ್ಯದ ಗೋಡೆ ಕರಗುವುದಿಲ್ಲ. ಕಾರ್1 ಕೆಟ್ಟರೆ ಕೋಶಗಳು ಒಂದಾಗುತ್ತವೆ, ಒಳಗಿನ ನ್ಯೂಕ್ಲಿಯಸ್‌ಗಳು ಒಂದಾಗುವುದಿಲ್ಲ.

ಸಂಕೇತ ಜಾಸ್ತಿ ಕೇಳಿಸೋ ಮ್ಯುಟೆಂಟ್ ಇದೆಯಾ?

ಇದೆ. ಜೊತೆಗಾರ ಸಿಗದಿದ್ದರೆ ಎ ಕೋಶ ಎಷ್ಟು ಹೊತ್ತು ಕಾಯಬೇಕು? ಅದಕ್ಕೆ ಎರಡು ಉಪಾಯ ಇವೆ. ಬಾರ್1 ಎಂಬ ಕಿಣ್ವವನ್ನು ಹೊರಗೆ ಬಿಟ್ಟು ಸುತ್ತಲಿನ ಆಲ್ಫಾ ಫ್ಯಾಕ್ಟರನ್ನು ಕತ್ತರಿಸಿಹಾಕುತ್ತದೆ. ಒಳಗಡೆ ಎಸ್‌ಎಸ್‌ಟಿ2 ಎಂಬ ಪ್ರೋಟೀನ್ ಜಿ ಪ್ರೋಟೀನನ್ನು ಬೇಗ ಮೊದಲಿನ ಸ್ಥಿತಿಗೆ ತರುತ್ತದೆ. ಇವುಗಳಲ್ಲಿ ಯಾವುದು ಕೆಟ್ಟರೂ ಕೋಶ ತೀರಾ ಸ್ವಲ್ಪ ಫ್ಯಾಕ್ಟರ್‌ಗೇ ನಿಂತುಬಿಡುತ್ತದೆ, ಬೇಗ ಚೇತರಿಸಿಕೊಳ್ಳುವುದಿಲ್ಲ.

ನೋಡುವುದು ಸುಲಭ. ಪ್ಲೇಟ್ ತುಂಬ ಎ ಕೋಶ ಹರಡಿ, ಮಧ್ಯೆ ಆಲ್ಫಾ ಫ್ಯಾಕ್ಟರ್ ಅದ್ದಿದ ಚಿಕ್ಕ ಕಾಗದದ ಬಿಲ್ಲೆ ಇಡಿ. ಮರುದಿನ ಅಥವಾ ಅದರ ಮಾರನೆಯ ದಿನ ಪ್ಲೇಟ್ ಬೆಳ್ಳಗೆ ತುಂಬಿರುತ್ತದೆ, ಬಿಲ್ಲೆಯ ಸುತ್ತ ಮಾತ್ರ ಬೆಳೆಯದ ಒಂದು ವೃತ್ತ. ಎಸ್‌ಎಸ್‌ಟಿ2 ಮ್ಯುಟೆಂಟ್‌ನಲ್ಲಿ ಆ ವೃತ್ತ ತುಂಬಾ ದೊಡ್ಡದು, ಸ್ಟೆ ಮ್ಯುಟೆಂಟ್‌ನಲ್ಲಿ ವೃತ್ತವೇ ಇಲ್ಲ. ಆಲ್ಫಾ ಫ್ಯಾಕ್ಟರ್ ದುಬಾರಿ, ಅದಕ್ಕೇ ಲ್ಯಾಬುಗಳಲ್ಲಿ ಬಾರ್1 ತೆಗೆದ ತಳಿಗೆ ಬೇಡಿಕೆ ಜಾಸ್ತಿ.

ಫಾರ್1 ಯಾವ ಕಡೆಯದು? ವಿಭಜನೆಯದಾ, ಕೂಡೋದರದಾ?

ಎರಡರದ್ದೂ. ಈ ಪುಟದಲ್ಲಿ ಒಂದೇ ಜೀನ್ ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರು ಇದನ್ನೇ ಇಟ್ಟುಕೊಳ್ಳಿ. ಸಂಕೇತ ಬಂದಾಗ ಫಸ್3 ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಆಗ ಅದು ಸಿಡಿಸಿ28 ಮತ್ತು ಸೈಕ್ಲಿನ್ ಜೋಡಿಯನ್ನು ತಡೆಯುತ್ತದೆ. ಸ್ಟಾರ್ಟ್ ಬಾಗಿಲು ಮುಚ್ಚುತ್ತದೆ. ಅಷ್ಟೇ ಅಲ್ಲ, ಸಿಡಿಸಿ24ನ್ನು ಸಂಕೇತ ಬರುತ್ತಿರುವ ಜಾಗಕ್ಕೆ ಕರೆತಂದು, ಶ್ಮೂ ತುದಿ ಸರಿಯಾದ ದಿಕ್ಕಿಗೆ ಬೆಳೆಯಲು ನೆರವಾಗುವುದೂ ಇದೇ. ಸಿಡಿಸಿ24 ಮೊಗ್ಗು ಬಿಡಲು ಬೇಕಾದ ಅದೇ ಜೀನ್.

ಫಾರ್1 ಇಲ್ಲದ ಕೋಶಕ್ಕೆ ಸಂಕೇತ ಕೇಳಿಸುತ್ತದೆ, ಕೂಡುವ ಜೀನುಗಳೂ ಆನ್ ಆಗುತ್ತವೆ, ಆದರೆ ಮೊಗ್ಗು ಬಿಡುವುದು ನಿಲ್ಲುವುದಿಲ್ಲ.

ಸ್ಟಾರ್ಟ್ ದಾಟಿದ ಮೇಲೆ ಆಟ ತಿರುಗುತ್ತದೆ. ಆಗ ಸಿಡಿಸಿ28 ಮತ್ತು ಸೈಕ್ಲಿನ್ ಸೇರಿ ಫಾರ್1ನ್ನೇ ನಾಶಕ್ಕೆ ಗುರುತು ಮಾಡುತ್ತವೆ, ಸ್ಟೆ5 ಪೊರೆಗೆ ಬರದಂತೆಯೂ ತಡೆಯುತ್ತವೆ. ಒಂದು ಇನ್ನೊಂದನ್ನು ಅದುಮುವುದರಿಂದ ಕೋಶ ಅರ್ಧ ಕೂಡಿ ಅರ್ಧ ಒಡೆಯುವ ಸ್ಥಿತಿಗೆ ಬರುವುದಿಲ್ಲ.

ಇನ್ನೂ ಒಳಗೆ ಹೋಗುವವರಿಗೆ

ಜಿಪಿಎ1 ಸಂಕೇತದ ಪ್ರೋಟೀನ್ ತಾನೇ? ತೆಗೆದ್ರೆ ಸಂಕೇತ ನಿಲ್ಲಬೇಕು. ಕೋಶ ಯಾಕೆ ಬೆಳೆಯೋದನ್ನೇ ನಿಲ್ಲಿಸುತ್ತೆ?

ಏಕೆಂದರೆ ಯೀಸ್ಟಿನಲ್ಲಿ ಸಂದೇಶ ಒಯ್ಯುವುದು ಜಿಪಿಎ1 ಅಲ್ಲ, ಸ್ಟೆ4 ಮತ್ತು ಸ್ಟೆ18ರ ಜೋಡಿ. ಜಿಪಿಎ1ರ ಕೆಲಸ ಅವರನ್ನು ಹಿಡಿದಿಟ್ಟುಕೊಳ್ಳುವುದು. ಅದನ್ನು ತೆಗೆದರೆ ಜೋಡಿ ಸದಾ ಬಿಡುಗಡೆ. ಫ್ಯಾಕ್ಟರ್ ಒಂದು ಹನಿಯೂ ಇಲ್ಲದೆ ಕೋಶ ಜಿ1ನಲ್ಲಿ ನಿಂತು ಶ್ಮೂ ಆಗಲು ಹೊರಡುತ್ತದೆ.

ಈಗ ಜಿಪಿಎ1 ಜೊತೆ ಸ್ಟೆ4ನ್ನೂ ಕೆಡಿಸಿ. ಕೋಶ ಮತ್ತೆ ಬೆಳೆಯುತ್ತದೆ, ಆದರೆ ಕೂಡುವುದಿಲ್ಲ. ಎರಡು ತಪ್ಪು ಸೇರಿದಾಗ ಲಕ್ಷಣ ಸ್ಟೆ4ರಂತೆಯೇ ಇದೆ. ಹಾಗಾದರೆ ಸ್ಟೆ4 ದಾರಿಯಲ್ಲಿ ಜಿಪಿಎ1ರ ಮುಂದೆ, ಕೆಳಗಡೆ ಇದೆ. ಸ್ಟೆ4 ಬದಲು ರಿಸೆಪ್ಟರ್ ಸ್ಟೆ2ನ್ನು ಜಿಪಿಎ1 ಜೊತೆ ಕೆಡಿಸಿ ನೋಡಿ, ಕೋಶ ಉಳಿಯುವುದಿಲ್ಲ, ಏಕೆಂದರೆ ಅದು ಮೇಲ್ಗಡೆ ಇದೆ. ದಾರಿಯ ಕ್ರಮವನ್ನು ಮೊದಮೊದಲು ಗುರುತಿಸಿದ್ದು ಹೆಚ್ಚಾಗಿ ಈ ಜೋಡಿ ಮ್ಯುಟೆಂಟ್ ತರ್ಕದಿಂದಲೇ. ಡಿಪ್ಲಾಯ್ಡ್‌ನಲ್ಲಿ ಜಿಪಿಎ1ರ ಎರಡೂ ಪ್ರತಿ ತೆಗೆದರೂ ಅಡ್ಡಿಯಿಲ್ಲ, ಅಲ್ಲಿ ಈ ದಾರಿಯ ಜೀನುಗಳೇ ಆಫ್ ಆಗಿರುತ್ತವೆ.

ಎರಡು ಮ್ಯುಟೆಂಟ್ ಸಿಕ್ಕಿವೆ, ಲಕ್ಷಣ ಒಂದೇ. ಒಂದೇ ಜೀನ್ ಕೆಟ್ಟಿದೆಯಾ, ಬೇರೆ ಬೇರೆನಾ, ಹೇಗೆ ತಿಳಿಯೋದು?

ಒಂದು ಎ, ಒಂದು ಆಲ್ಫಾ ಇರುವಂತೆ ನೋಡಿಕೊಂಡು ಕೂಡಿಸಿ. ಹುಟ್ಟಿದ ಡಿಪ್ಲಾಯ್ಡ್ ಬಿಸಿಯಲ್ಲಿ ಬೆಳೆದರೆ ಜೀನುಗಳು ಬೇರೆ ಬೇರೆ, ಒಬ್ಬರದ್ದು ಕೆಟ್ಟ ಕಡೆ ಇನ್ನೊಬ್ಬರದ್ದು ಸರಿ ಇದೆ. ಬೆಳೆಯದಿದ್ದರೆ ಬಹುಶಃ ಒಂದೇ ಜೀನ್. ಎರಡೂ ಮ್ಯುಟೇಶನ್ ಅಪ್ರಬಲ (ಜೊತೆಗೆ ಸರಿಯಿರುವ ಒಂದು ಪ್ರತಿ ಇದ್ದರೆ ಲಕ್ಷಣ ಕಾಣದಂಥದ್ದು) ಆಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ, ಆದ್ದರಿಂದ ಮೊದಲು ಆರೋಗ್ಯವಂತ ತಳಿಯ ಜೊತೆ ಕೂಡಿಸಿ ಅದನ್ನು ಖಚಿತ ಮಾಡಿಕೊಳ್ಳಿ.

ಸ್ಟೆ ಮ್ಯುಟೆಂಟ್‌ಗಳು ಕೂಡುವುದೇ ಇಲ್ಲವಲ್ಲ, ಆಗ? ಅದಕ್ಕೂ ಶಾಖವೇ ಉಪಾಯ. ಶಾಖಕ್ಕೆ ಕೆಡುವ ಸ್ಟೆ ಮ್ಯುಟೆಂಟ್ ಇದ್ದರೆ ತಂಪಿನಲ್ಲಿ ಕೂಡಿಸಬಹುದು. ಇಲ್ಲದಿದ್ದರೆ ಸರಿಯಿರುವ ಜೀನನ್ನು ಪ್ಲಾಸ್ಮಿಡ್ (ಕೋಶದೊಳಗೆ ಸೇರಿಸಬಹುದಾದ ಸಣ್ಣ ಡಿಎನ್‌ಎ ಉಂಗುರ) ಮೇಲೆ ಕೊಡುವುದು.

ಬರೀ ಉಪ್ಪು ಹಾಕಿದ್ದಕ್ಕೆ ನಮ್ಮ ಮ್ಯುಟೆಂಟ್ ಶ್ಮೂ ಥರ ಆಯ್ತು. ಹೀಗೂ ಉಂಟಾ?

ಉಂಟು, ನಿಮ್ಮ ತಳಿಯಲ್ಲಿ ಹಾಗ್1 ಕೆಟ್ಟಿದೆಯಾ ನೋಡಿ. ಸ್ಟೆ11 ಕೂಡುವ ದಾರಿಗಷ್ಟೇ ಸೀಮಿತವಲ್ಲ. ಉಪ್ಪು ಜಾಸ್ತಿಯಾದಾಗ ಕೋಶವನ್ನು ಕಾಪಾಡುವ ದಾರಿಯಲ್ಲೂ ಅದು ದುಡಿಯುತ್ತದೆ, ಆ ದಾರಿಯ ಕೊನೆಯ ಕೈನೇಸ್ ಹಾಗ್1. ಹಾಗ್1 ಇದ್ದಾಗ ಸಂಕೇತ ತನ್ನ ದಾರಿಯಲ್ಲೇ ಉಳಿಯುತ್ತದೆ. ಅದಿಲ್ಲದಿದ್ದರೆ ಉಪ್ಪಿನ ಸಂಕೇತ ಸ್ಟೆ11ರಿಂದ ಸ್ಟೆ7ಕ್ಕೆ, ಅಲ್ಲಿಂದ ಫಸ್3ಕ್ಕೆ ಸೋರುತ್ತದೆ. 1998ರಲ್ಲಿ ಓ'ರೂರ್ಕ್ ಮತ್ತು ಹರ್ಸ್ಕೊವಿಟ್ಜ್ ಇದನ್ನು ತೋರಿಸಿದರು.

ಪೇಪರಿನಲ್ಲಿ ಇದ್ದ ಮ್ಯುಟೇಶನ್ನೇ ಮಾಡಿದ್ವಿ, ಫಲಿತಾಂಶ ಬೇರೆ ಬಂತು. ನಾವೇ ಕೆಡಿಸಿದ್ವಾ?

ಮೊದಲು ತಳಿಯ ಹೆಸರು ನೋಡಿ. ಹೆಚ್ಚು ಲ್ಯಾಬುಗಳಲ್ಲಿರುವ ಎಸ್288ಸಿ ತಳಿಯಲ್ಲಿ ಎಫ್‌ಎಲ್‌ಒ8 ಎಂಬ ಜೀನ್ ಮೊದಲೇ ಕೆಟ್ಟಿದೆ. ಅದು ಎಳೆ ಎಳೆಯಾಗಿ ಬೆಳೆಯುವುದಿಲ್ಲ. ಎಳೆಯಾಗಿ ಬೆಳೆಯುವ ದಾರಿಯೂ ಸ್ಟೆ11, ಸ್ಟೆ7, ಸ್ಟೆ12ನ್ನೇ ಬಳಸುತ್ತದೆ. ಹಾಗಾಗಿ ಎಳೆಯಾಗಿ ಬೆಳೆಯಬಲ್ಲ ಸಿಗ್ಮಾ ಎಂಬ ತಳಿಯಲ್ಲಿ ಕಂಡದ್ದು ಎಸ್288ಸಿಯಲ್ಲಿ ಕಾಣದಿರಬಹುದು.

ಬರೀ ಎ ಕೋಶ ಹಾಕಿದ್ದೆ, ಪ್ಲೇಟಲ್ಲಿ ಡಿಪ್ಲಾಯ್ಡ್ ಸಿಕ್ತು. ಯಾರೋ ಕಲಬೆರಕೆ ಮಾಡಿದ್ರಾ?

ಸಹಪಾಠಿಯನ್ನು ಬೈಯುವ ಮೊದಲು ಎಚ್‌ಒ ಜೀನ್ ನೋಡಿ. ಕಾಡು ಯೀಸ್ಟಿನಲ್ಲಿ ಎಚ್‌ಒ ಎಂಬ ಕಿಣ್ವ ಮ್ಯಾಟ್ ಜಾಗವನ್ನು ಕತ್ತರಿಸುತ್ತದೆ. ಅದೇ ಕ್ರೋಮೋಸೋಮಿನಲ್ಲಿ ಮೌನವಾಗಿ ಇಟ್ಟಿರುವ ಇನ್ನೊಂದು ಬಗೆಯ ಪ್ರತಿಯಿಂದ ಆ ಜಾಗ ತುಂಬುತ್ತದೆ. ಎ ಆಲ್ಫಾ ಆಗುತ್ತದೆ, ಪಕ್ಕದ ಎ ಜೊತೆ ಕೂಡುತ್ತದೆ. ಬದಲಾಗುವುದು ಒಮ್ಮೆ ಮೊಗ್ಗು ಬಿಟ್ಟ ತಾಯಿ ಮಾತ್ರ, ಹೊಸ ಮಗಳು ಬದಲಾಗುವುದಿಲ್ಲ. ಲ್ಯಾಬ್ ತಳಿಗಳಲ್ಲಿ ಎಚ್‌ಒ ಕೆಡಿಸಿರುತ್ತಾರೆ, ಆದರೂ ಅಪರೂಪಕ್ಕೆ ಬದಲಾಗುವುದು ಇದೆ. ಮ್ಯಾಟ್ ಜಾಗವನ್ನು ಪಿಸಿಆರ್ (ಡಿಎನ್‌ಎ ತುಣುಕನ್ನು ಅನೇಕ ಪಟ್ಟು ನಕಲು ಮಾಡುವ ವಿಧಾನ) ಮಾಡಿ ನೋಡಿ: ಎ ಇದ್ದರೆ 544, ಆಲ್ಫಾ ಇದ್ದರೆ 404 ಬೇಸ್ ಉದ್ದದ ಪಟ್ಟಿ. ಎರಡೂ ಬಂದರೆ ಡಿಪ್ಲಾಯ್ಡ್, ಇಲ್ಲವೇ ನಿಜವಾಗಿಯೂ ಕಲಬೆರಕೆ.

ಇದೆಲ್ಲಾ ಸರಿ, ಮನುಷ್ಯರಿಗೆ ಏನು ಉಪಯೋಗ?

ಯೀಸ್ಟಿಗೆ ಕ್ಯಾನ್ಸರ್ ಬರುವುದಿಲ್ಲ. ಆದರೆ ನಮ್ಮ ಕೋಶಗಳು ಒಡೆಯಲು ಹೊರಡುವಾಗ ದಾಟುವ ಬಾಗಿಲೂ ಇದೇ ಬಗೆಯದು. ಯೀಸ್ಟಿನಲ್ಲಿ ವಿ5 ಮಾಡುವ ಕೆಲಸವನ್ನು ನಮ್ಮಲ್ಲಿ ಆರ್‌ಬಿ ಎಂಬ ಪ್ರೋಟೀನ್ ಮಾಡುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಪಾಲ್ಬೊಸಿಕ್ಲಿಬ್ ಅಂಥ ಔಷಧಿಗಳು ಆ ಬಾಗಿಲಿನ ಕೈನೇಸ್‌ಗಳನ್ನೇ ತಡೆಯುತ್ತವೆ.

ಜನರಿಗೆ ಕಡಿಮೆ ಗೊತ್ತಿರುವ ಇನ್ನೊಂದು ನಂಟಿದೆ. ಎ ಫ್ಯಾಕ್ಟರ್ ತಯಾರಾಗುವಾಗ ಕೋಶ ಅದಕ್ಕೆ ಕೊಬ್ಬಿನ ಬಾಲ ಅಂಟಿಸಿ, ಸ್ಟೆ24 ಎಂಬ ಕಿಣ್ವದಿಂದ ಕತ್ತರಿಸುತ್ತದೆ. ಮನುಷ್ಯರಲ್ಲಿ ಅದರ ಜೋಡಿ ಕಿಣ್ವ, ಇದೇ ಥರ ಬಾಲ ಅಂಟಿದ ಲ್ಯಾಮಿನ್ ಎ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಮಕ್ಕಳು ಅಕಾಲದಲ್ಲಿ ಮುದುಕರಂತಾಗುವ ಪ್ರೊಜೀರಿಯಾ ಕಾಯಿಲೆಯಲ್ಲಿ ಲ್ಯಾಮಿನ್‌ನ ಕತ್ತರಿಸಬೇಕಾದ ಜಾಗವೇ ಇಲ್ಲವಾಗಿ, ಬಾಲ ಹಾಗೇ ಉಳಿಯುತ್ತದೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲೋನಾಫಾರ್ನಿಬ್, ಆ ಬಾಲ ಅಂಟುವುದನ್ನೇ ತಡೆಯುತ್ತದೆ.

ಕೈಯಾರೆ ಮಾಡಿ ನೋಡುವವರಿಗೆ

ಮನೇಲಿ ಮಗನ ಮೈಕ್ರೋಸ್ಕೋಪ್ ಇದೆ. ಪ್ಯಾಕೆಟ್ ಯೀಸ್ಟಲ್ಲಿ ಶ್ಮೂ ನೋಡಬಹುದಾ?

ಶ್ಮೂ ಕಾಣುವುದಿಲ್ಲ, ಪ್ಯಾಕೆಟ್ ಯೀಸ್ಟ್ ಕೂಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊಗ್ಗು ಚೆನ್ನಾಗಿ ಕಾಣುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ ಒಂದೆರಡು ಗಂಟೆ ಬಿಡಿ. ಒಂದು ಹನಿಯನ್ನು ಚೆನ್ನಾಗಿ ತೆಳು ಮಾಡಿ 400 ಪಟ್ಟು ದೊಡ್ಡದಾಗಿಸಿ ನೋಡಿ. ಮೆಥಿಲೀನ್ ಬ್ಲೂ ಸಿಕ್ಕರೆ ಒಂದು ಹನಿ ಸೇರಿಸಿ, ಸತ್ತವು ನೀಲಿಯಾಗುತ್ತವೆ, ಬದುಕಿದವು ಬೆಳ್ಳಗೇ ಇರುತ್ತವೆ. ಮುಂಬೈ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಆದರೆ ನೀಲಿಯೇ ಜಾಸ್ತಿ ಕಂಡೀತು.

ಕಾಲೇಜ್ ಪ್ರಾಜೆಕ್ಟಿಗೆ ತಳಿ ಎಲ್ಲಿ ಸಿಗುತ್ತೆ? ನಿಮ್ಮ ಲ್ಯಾಬಿಂದ ಒಂದು ಟ್ಯೂಬ್ ಕೊಡ್ತೀರಾ?

ಹಾಗೆ ಕೈಯಲ್ಲಿ ಕೊಡಲಾಗುವುದಿಲ್ಲ. ಜೀನ್ ಬದಲಿಸಿದ ತಳಿಗಳಿಗೆ 1989ರ ನಿಯಮಗಳಿವೆ, ಅವನ್ನು ಬಳಸುವ ಸಂಸ್ಥೆಗೆ ತನ್ನದೇ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಮಾಮೂಲಿ ತಳಿ ಸಾಕು ಎನ್ನುವವರಿಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹವಿದೆ, ಚಂಡೀಗಢದಲ್ಲಿ ಎಂಟಿಸಿಸಿ ಇದೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ನಿಮ್ಮ ಗೈಡ್ ಬರೆದರೆ ಕೆಲಸ ಸಲೀಸು. ಬರೆಯುವಾಗ ಬರೀ "ಯೀಸ್ಟ್ ಬೇಕು" ಎನ್ನಬೇಡಿ. ಹ್ಯಾಪ್ಲಾಯ್ಡ್ ಹೌದಾ, ಎ ಅಥವಾ ಆಲ್ಫಾ ಯಾವುದು, ಎಚ್‌ಒ ಕೆಟ್ಟಿದೆಯಾ, ಬಾರ್1 ಇದೆಯಾ ಎಂದು ಕೇಳಿ. ಕೂಡಿಸುವ ಪ್ರಯೋಗ ಆದರೆ ಬಿವೈ4741 ಎ, ಬಿವೈ4742 ಆಲ್ಫಾ. ಎರಡರಲ್ಲೂ ಬೇರೆ ಬೇರೆ ಪೋಷಕಾಂಶದ ಜೀನ್ ಕೆಟ್ಟಿರುವುದರಿಂದ, ಅವೆರಡೂ ಪೋಷಕಾಂಶ ಇಲ್ಲದ ಪ್ಲೇಟಿನಲ್ಲಿ ಕೂಡಿದವು ಮಾತ್ರ ಬೆಳೆಯುತ್ತವೆ. ಒಂದರಲ್ಲಿ ಮೆಥಿಯೊನಿನ್, ಇನ್ನೊಂದರಲ್ಲಿ ಲೈಸಿನ್. ಉಳಿದ ಲ್ಯೂಸಿನ್, ಹಿಸ್ಟಿಡಿನ್, ಯುರಾಸಿಲ್ ಎರಡಕ್ಕೂ ಬೇಕು, ಪ್ಲೇಟಿಗೆ ಹಾಕಲು ಮರೆಯಬೇಡಿ.